ನಾರಾಯಣಪುರಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ನಮ್ಮ ಹಳ್ಳಿಗಳ ಹಿರಿಯರು ದಾರಿಯನ್ನು ಹರದಾರಿಯಲ್ಲಿ ಅಳೆಯುತ್ತಿದ್ದರು. ಅದೂ ಬೇಡವೆನಿಸಿದಾಗ ‘ಒಂದು ಹೊತ್ತಿನ ದಾರಿ’ ಎಂದು ಹೇಳಿ ಮುಗಿಸುತ್ತಿದ್ದರು. ವಿಮಾನಗಳ ಈ ಯುಗದಲ್ಲಿಯೂ ಅವರ ಎರಡನೆಯ ಲೆಕ್ಕವೇ ಸತ್ಯಕ್ಕೆ ಹತ್ತಿರವಾದುದು.

2021ನೆಯ ಇಸವಿ ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿನತ್ತ ಹೊರಟಿತು. ಅದರ ಚಾಲಕರು ನಾಲ್ವರೂ ಮಹಿಳೆಯರು; ಕ್ಯಾಪ್ಟನ್ ಝೋಯಾ ಅಗರ್ವಾಲ್ ಅವರ ಮುಖ್ಯಸ್ಥೆ. ನಡುವೆ ಎಲ್ಲಿಯೂ ಇಳಿಯದೆ, ಉತ್ತರ ಧ್ರುವ ಪ್ರದೇಶದ ಮೇಲೆ ಹಾದು, 11ರ ನಸುಕಿನ ಮೂರು ಗಂಟೆಯ ಬಳಿಕ ಅದು ಬೆಂಗಳೂರನ್ನು ಮುಟ್ಟಿತು. ಎರಡೂ ಊರಿನ ಗಡಿಯಾರಗಳನ್ನಷ್ಟೇ ನೋಡಿದವರಿಗೆ ಮೂವತ್ತು ಗಂಟೆ ಕಳೆದಂತೆ ತೋರುತ್ತದೆ. ಆದರೆ ಅಲ್ಲಿ ರಾತ್ರಿ ಎಂಟೂವರೆಯಾದಾಗ ಇಲ್ಲಿ ಮರುದಿನ ಬೆಳಿಗ್ಗೆ ಹತ್ತು. ಚಳಿಗಾಲದ ಈ ಹದಿಮೂರೂವರೆ ಗಂಟೆಗಳ ಅಂತರವನ್ನು ಕಳೆದರೆ ಪ್ರಯಾಣದ ನಿಜವಾದ ಅವಧಿ ಸುಮಾರು ಹದಿನೇಳು ಗಂಟೆ.

ಧ್ರುವದ ಹಾದಿಯೇಕೆ? ಶಾಲೆಯ ಗೋಡೆಯ ಮೇಲಿನ ಭೂಪಟದಲ್ಲಿ ಈ ಎರಡು ಊರುಗಳ ನಡುವೆ ಗೆರೆ ಎಳೆದರೆ ಅದು ಅಟ್ಲಾಂಟಿಕ್ ಸಾಗರವನ್ನೂ ಸಹಾರಾ ಮರುಭೂಮಿಯನ್ನೂ ದಾಟಿ ಬರುತ್ತದೆ. ಆ ಹಾದಿಯಲ್ಲಿ ಹಾರಿದವರು ಸುಮಾರು 20,000 ಕಿಲೋಮೀಟರ್ ಸವೆಸಬೇಕು. ಭೂಮಿಯಾದರೋ ಹಾಳೆಯಲ್ಲ, ಗೋಲ. ಗೋಲದ ಮೇಲೆ ದಾರವೊಂದನ್ನು ಬಿಗಿಹಿಡಿದರೆ ಅದು ಉತ್ತರಕ್ಕೆ ಸರಿದು ಸುಮಾರು 14,000 ಕಿಲೋಮೀಟರಿನಲ್ಲಿಯೇ ಗುರಿಯನ್ನು ಸೇರುತ್ತದೆ. ನಡುಧ್ರುವವನ್ನೇ ದಾಟಿ ಬಂದರೂ ಅಧಿಕವಾಗುವುದು ನಾನೂರು ಕಿಲೋಮೀಟರಿನೊಳಗೆ. ಆದುದರಿಂದ ವೈಮಾನಿಕರು ಗಾಳಿಯನ್ನು ನೋಡಿ ಹಾದಿಯನ್ನು ಆರಿಸುತ್ತಾರೆ. ಎದುರುಗಾಳಿ ತಪ್ಪುವುದಾದರೆ ಸುತ್ತುದಾರಿಯೂ ಬೇಗನೆ ಮುಗಿಯುತ್ತದೆ, ಇಂಧನವೂ ಉಳಿಯುತ್ತದೆ.

ಇನ್ನು ಕೃಷ್ಣೆಯ ಬಸವಸಾಗರ ಜಲಾಶಯದ ಮಗ್ಗುಲಿಗಿರುವ ನಾರಾಯಣಪುರದ ಮನೆಯೊಂದನ್ನು ಊಹಿಸಿಕೊಳ್ಳೋಣ. ತಂದೆ ಹಾಸಿಗೆ ಹಿಡಿದಿದ್ದಾನೆ. ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಸುದ್ದಿ ಕ್ಷಣದಲ್ಲಿ ತಲಪುತ್ತದೆ. ನೇರ ವಿಮಾನ ಸಿಕ್ಕಿದರೆ ಹದಿನೇಳು ಗಂಟೆಗಳಲ್ಲಿ ಮಗ ಬೆಂಗಳೂರಿನಲ್ಲಿ ಇಳಿದಾನು. ಸಿಕ್ಕದಿದ್ದರೆ ನಡುವೆ ಇನ್ನೊಂದು ಊರಿನಲ್ಲಿ ಇಳಿದು, ಕಾದು, ಮತ್ತೆ ಹತ್ತಬೇಕು. ಇಳಿದ ಮೇಲೂ ಊರು ನಾನೂರು ಕಿಲೋಮೀಟರಿಗೆ ಮಿಗಿಲು. ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಗಂಟೆಗೆ ಐವತ್ತು ಕಿಲೋಮೀಟರ್ ಸಾಗಿದರೂ ರಸ್ತೆಯ ಪ್ರಯಾಣ ಎಂಟು ಗಂಟೆಯನ್ನು ಮೀರುತ್ತದೆ. ಆಕಾಶದಲ್ಲಿ ಕ್ರಮಿಸಿದ ದೂರದ ಸುಮಾರು ಮೂವತ್ತರಲ್ಲೊಂದು ಪಾಲಿಗೆ, ಅಲ್ಲಿ ಹಿಡಿದ ಕಾಲದ ಅರ್ಧದಷ್ಟು ಸಲ್ಲುತ್ತದೆ!

ವಿಮಾನದ ವೇಳಾಪಟ್ಟಿ ನಿಲ್ದಾಣದಿಂದ ನಿಲ್ದಾಣಕ್ಕೆ ಲೆಕ್ಕ ಕೊಡುತ್ತದೆ. ಕಾಯುವ ತಾಯಿಯ ಲೆಕ್ಕ ಬಾಗಿಲಿನಿಂದ ಬಾಗಿಲಿಗೆ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ಮನೆಗಳು ಹದಿನೇಳು ಗಂಟೆಯೆಂಬ ಮಾತನ್ನು ನೆಚ್ಚದೆ, ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚಿನ ದಾರಿಯೆಂದೇ ಎಣಿಸುವುದು ಲೇಸು. ಕರೆಯಬೇಕಾದ ಮಾತಿದ್ದರೆ ಅಷ್ಟು ಮುಂಚಿತವಾಗಿಯೇ ಕರೆಯುವುದು ಇನ್ನೂ ಲೇಸು.