ಎರಡೇ ಸ್ವರದ ಬ್ಲೂಸ್: ಪಿಯಾನೊ ಹೊಸಬರಿಗೆ

ಜಾಝ್ ಪಿಯಾನೊ ಎಂದ ಕೂಡಲೇ ‘ಅದೆಲ್ಲ ನಮ್ಮ ಬೆರಳಿಗೆ ಬಗ್ಗುವುದಲ್ಲ’ ಎನ್ನುವವರು ಡ್ಯೂಕ್ ಎಲಿಂಗ್ಟನ್ನರ ‘ಸಿ ಜಾಮ್ ಬ್ಲೂಸ್’ ಕೇಳಬೇಕು. 1942ರಲ್ಲಿ ಧ್ವನಿಮುದ್ರಣವಾದ ಈ ಕೃತಿಯ ಮುಖ್ಯ ಧಾಟಿಯಲ್ಲಿರುವುದು ಎರಡೇ ಸ್ವರ, ಜಿ ಮತ್ತು ಸಿ. ಹಾರ್ಮೋನಿಯಂನವರ ಲೆಕ್ಕದಲ್ಲಿ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಪ ಮತ್ತು ಅದರ ಮೇಲಿನ ಸ, ಅಷ್ಟೇ. ಬೆರಳಿಗೆ ಕೆಲಸವೇ ಇಲ್ಲ. ಕಲಿಯುವುದೆಲ್ಲ ಲಯದಲ್ಲಿದೆ. ಹೊಸಬರಿಗೆ ಮೊದಲ ಕೃತಿಯಾಗಿ ನಾನು ಇದನ್ನೇ ಹೇಳುತ್ತೇನೆ.

ಬಹುಪಾಲು ಬ್ಲೂಸ್ ನಿಂತಿರುವುದು 12 ಬಾರ್‌ಗಳ ಚೌಕಟ್ಟಿನ ಮೇಲೆ. ಒಂದೊಂದು ಬಾರ್‌ಗೂ ನಾಲ್ಕು ಎಣಿಕೆ. ಮೊದಲ ನಾಲ್ಕು ಬಾರ್ ಸಿ ಸೆವೆಂತ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ), ಮುಂದಿನ ಎರಡು ಎಫ್ ಸೆವೆಂತ್, ಮತ್ತೆರಡು ಸಿ. ಒಂಬತ್ತನೆಯದು ಜಿ ಸೆವೆಂತ್, ಹತ್ತನೆಯದು ಎಫ್, ಕೊನೆಯ ಎರಡು ಮತ್ತೆ ಸಿ. ಮುಗಿದ ಕೂಡಲೇ ಮೊದಲಿನಿಂದ. ಇದನ್ನು ಬಾಯಿಪಾಠ ಮಾಡಿಕೊಳ್ಳಿ, ಹಾಳೆ ನೋಡುತ್ತ ಕೂರಬೇಡಿ. ಕಾರ್ಡ್ ಬದಲಾದಂತೆ ಅದೇ ಸ್ವರದ ಬಣ್ಣವೂ ಬದಲಾಗುತ್ತದೆ: ಸಿ ಕಾರ್ಡ್‌ನ ಮೇಲೆ ಷಡ್ಜವಾಗಿ ನೆಲೆ ನಿಂತ ಸಿ, ಎಫ್ ಬಂದಾಗ ಅದರ ಪಂಚಮವಾಗಿಬಿಡುತ್ತದೆ. ಎರಡೇ ಸ್ವರದ ಧಾಟಿಯನ್ನು ಮತ್ತೆ ಮತ್ತೆ ನುಡಿಸಿದರೂ ಬೇಸರ ಬರದಿರುವುದು ಇದರಿಂದಲೇ.

ಎಡಗೈಗೆ ನಾಲ್ಕು ಸ್ವರದ ಪೂರ್ತಿ ಕಾರ್ಡ್ ಬೇಡ. ಮೂರನೆಯ ಮತ್ತು ಏಳನೆಯ ಸ್ವರ ಎರಡಿದ್ದರೆ ಸಾಕು, ಕಾರ್ಡ್‌ನ ಗುಣವೆಲ್ಲ ಅಲ್ಲೇ ಇದೆ. ನಡುವಿನ ಸಿಯ ಕೆಳಗಿರುವ ಇ ಮೇಲೆ ಕಿರುಬೆರಳು, ಬಿ ಫ್ಲ್ಯಾಟ್ ಮೇಲೆ ಹೆಬ್ಬೆರಳು ಇಡಿ. ಇದು ಸಿ ಸೆವೆಂತ್. ಎರಡೂ ಬೆರಳನ್ನು ಎಡಕ್ಕೆ ಒಂದೊಂದೇ ಕೀ ಸರಿಸಿ: ಇ ಫ್ಲ್ಯಾಟ್, ಎ. ಎಫ್ ಸೆವೆಂತ್ ಆಯಿತು! ಸಿ ಸೆವೆಂತ್‌ನಿಂದ ಬಲಕ್ಕೆ ಒಂದು ಕೀ ಸರಿಸಿದರೆ ಎಫ್, ಬಿ. ಅದು ಜಿ ಸೆವೆಂತ್. (ಕಪ್ಪು, ಬಿಳಿ ಎಂಬ ಭೇದವಿಲ್ಲದೆ ಪಕ್ಕದ ಕೀ ಎಂದು ಲೆಕ್ಕ.) ಇಡೀ ಬ್ಲೂಸ್‌ಗೆ ಎಡಗೈ ಓಡಾಟ ಇಷ್ಟೇ.

ಇನ್ನು ಸ್ವಿಂಗ್. ಪುಸ್ತಕದಲ್ಲಿ ಅರ್ಧರ್ಧ ಎಣಿಕೆಯ ಎರಡು ಸ್ವರಗಳು ಸಮಸಮವಾಗಿ ಅಚ್ಚಾಗಿರುತ್ತವೆ, ನುಡಿಸುವುದು ಹಾಗಲ್ಲ. ತಿಶ್ರ ನಡೆ ಗೊತ್ತಿದ್ದವರಿಗೆ ಇದು ಸಲೀಸು. ಒಂದೊಂದು ಎಣಿಕೆಗೂ ‘ತಕಿಟ’ ಹೇಳಿಕೊಂಡು ‘ತ’ ಮತ್ತು ‘ಟ’ ಮೇಲೆ ಮಾತ್ರ ನುಡಿಸಿ, ‘ಕಿ’ಯನ್ನು ನುಂಗಿಬಿಡಿ. ವೇಗ ಏರಿದಂತೆ ಎರಡು ಸ್ವರಗಳ ಉದ್ದದ ಈ ಅಂತರ ತಾನಾಗಿ ಕಡಿಮೆಯಾಗುತ್ತದೆ. ಒಂದು ಮತ್ತು ಮೂರಕ್ಕೆ ತಟ್ಟುವ ಅಭ್ಯಾಸ ಬಿಟ್ಟು ಎರಡು ಮತ್ತು ನಾಲ್ಕಕ್ಕೆ ಚಿಟಿಕೆ ಹಾಕಬೇಕು. ಮೆಟ್ರೊನೋಮನ್ನು 60ಕ್ಕೆ ಇಟ್ಟು ಅದರ ಸದ್ದನ್ನು ಎರಡು, ನಾಲ್ಕು ಎಂದು ಎಣಿಸಿ. ಆಗ ನಿಮ್ಮ ವೇಗ 120. ಮೊದಮೊದಲು ತಪ್ಪುವುದು ಸಹಜ.

ಧಾಟಿ ಕುಳಿತ ಮೇಲೆ ಮನೋಧರ್ಮಕ್ಕೆ ಇಳಿಯಬಹುದು. ಸಿ, ಇ ಫ್ಲ್ಯಾಟ್, ಎಫ್, ಜಿ, ಬಿ ಫ್ಲ್ಯಾಟ್ ನುಡಿಸಿ ನೋಡಿ. ಶುದ್ಧ ಧನ್ಯಾಸಿ ಬಲ್ಲ ಕಿವಿಗೆ ಸ್ವರಸ್ಥಾನಗಳು ಪರಿಚಿತ. ಎಫ್ ಮತ್ತು ಜಿ ನಡುವಿನ ಕಪ್ಪು ಕೀಯನ್ನೂ ಸೇರಿಸಿದರೆ ಬ್ಲೂಸ್ ಸ್ಕೇಲ್ ಆಯಿತು. ಪಿಯಾನೊದಲ್ಲಿ ಗಮಕಕ್ಕೆ ಎಡೆಯಿಲ್ಲ, ಸ್ವರವನ್ನು ಎಳೆಯಲಾಗದು. ಅದಕ್ಕೆ ಇ ಫ್ಲ್ಯಾಟ್ ಒತ್ತಿದ ಬೆರಳನ್ನೇ ಪಕ್ಕದ ಬಿಳಿ ಇಗೆ ಜಾರಿಸುತ್ತಾರೆ. ಬ್ಲೂಸ್‌ನ ಆ ಅಳಲು ಬರುವುದು ಈ ಜಾರಿಕೆಯಿಂದ.

ಮುಂದಿನ ಕೃತಿ ಬೇಕೆಂದರೆ ಮೈಲ್ಸ್ ಡೇವಿಸ್‌ರ 1959ರ ‘ಸೋ ವಾಟ್’. 16 ಬಾರ್ ಡಿಯಿಂದ ಡಿಗೆ ಬರೀ ಬಿಳಿ ಕೀ, ಅಂದರೆ ಖರಹರಪ್ರಿಯದ ಸ್ವರಗಳು. 8 ಬಾರ್ ಎಲ್ಲವೂ ಅರ್ಧ ಸ್ವರ ಮೇಲೆ. ಮತ್ತೆ 8 ಬಾರ್ ಮೊದಲಿನಂತೆ. 1928ರಲ್ಲಿ ಧ್ವನಿಮುದ್ರಣವಾದ ‘ಪೈನ್‌ಟಾಪ್ಸ್ ಬೂಗಿ ವೂಗಿ’ ಕೇಳಲು ಸೊಗಸು, ಆದರೆ ಅದರ ಎಡಗೈ ಹೊಸಬರಿಗಲ್ಲ. ನೊಟೇಶನ್ ಓದಿ ಕಲಿಯುವವರಿಗೆ ಮಾರ್ಥಾ ಮಿಯರ್ ಅವರ ‘ಜಾಝ್, ರ‍್ಯಾಗ್ಸ್ ಅಂಡ್ ಬ್ಲೂಸ್’ ಮಾಲೆಯ ಮೊದಲ ಭಾಗ ಒಳ್ಳೆಯದು. ಆದರೆ ಅದನ್ನು ಓದಿ ಒಪ್ಪಿಸುವುದಕ್ಕೇ ನಿಲ್ಲಿಸಿದರೆ ಜಾಝ್ ಕೈಗೆ ಬರುವುದಿಲ್ಲ. ಇಷ್ಟಕ್ಕೆಲ್ಲ ದೊಡ್ಡ ಪಿಯಾನೊ ಬೇಕಿಲ್ಲ, ಮನೆಯಲ್ಲಿರುವ 61 ಕೀಗಳ ಕೀಬೋರ್ಡ್ ಸಾಕು.