ತಯಾರಿಕೆ ನಿಂತ ಮಾಡ್ಯೂಲು, ನಿಲ್ಲಿಸಲಾಗದ ಯಂತ್ರ

ಈ ಸಂಚಿಕೆಯಲ್ಲಿ ಡಿಎನ್‌ಎ, ಪ್ರೋಟೀನು ಯಾವುದೂ ಇಲ್ಲ. ಇವತ್ತು ಹೇಳ್ತಿರೋದು ನಮ್ಮ ಲ್ಯಾಬಿನ ಒಂದು ಸಣ್ಣ ಕೆಂಪು ದೀಪದ ಕಥೆ.

ನಾವು ಕೆಲಸ ಮಾಡೋದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ. ಕಟ್ಟಡದ ಕೆಳಮಹಡಿಯಲ್ಲಿ 150 ಲೀಟರಿನ ಸ್ಟೀಲ್ ಫರ್ಮೆಂಟರ್ ಇದೆ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತಲ್ಲ, ಮೂಲದಲ್ಲಿ ಅದೇ ಕೆಲಸ. ಆದರೆ ಇಲ್ಲಿ ತಾಪಮಾನ, ಆಮ್ಲೀಯತೆ, ಗಾಳಿ ಎಲ್ಲವೂ ಅಳತೆ ಪ್ರಕಾರವೇ ಇರಬೇಕು. 1990ರ ದಶಕದಲ್ಲಿ ಕೂರಿಸಿದ ಪಾತ್ರೆ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಅದನ್ನು ನಡೆಸುವ ಪಿಎಲ್‌ಸಿಯ ತಯಾರಿಕೆ ಮಾತ್ರ ಎಂದೋ ನಿಂತುಹೋಗಿದೆ.

ಪಿಎಲ್‌ಸಿ ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಕಾರ್ಖಾನೆಗಳಿಗಾಗಿಯೇ ಮಾಡಿದ ಗಟ್ಟಿ ಕಂಪ್ಯೂಟರ್. 1968ರಲ್ಲಿ ಜನರಲ್ ಮೋಟಾರ್ಸ್‌ನವರಿಗೆ ಒಂದು ತಲೆನೋವಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ಸಾವಿರಾರು ರಿಲೇಗಳ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಡಿಕ್ ಮಾರ್ಲೆ ಮತ್ತು ಅವರ ಜೊತೆಗಾರರು ಅದಕ್ಕೆ ಉತ್ತರವಾಗಿ ಒಂದು ಯಂತ್ರ ಕಟ್ಟಿದರು. ಅದು ಅವರ ಸಂಸ್ಥೆಯ 84ನೇ ಯೋಜನೆ, ಹಾಗಾಗಿ 084 ಅಂತಲೇ ಹೆಸರಾಯಿತು. ಅಂದಿನಿಂದ ಇದರ ರೂಪ ಹೆಚ್ಚು ಬದಲಾಗಿಲ್ಲ. ಒಂದು ರ‍್ಯಾಕ್, ಅದರಲ್ಲಿ ಪುಸ್ತಕ ಜೋಡಿಸಿಟ್ಟ ಹಾಗೆ ಮಾಡ್ಯೂಲುಗಳು. ಒಂದು ವಿದ್ಯುತ್ ಕೊಡುತ್ತೆ, ಒಂದು ಯೋಚನೆ ಮಾಡುತ್ತೆ, ಒಂದು ಸೆನ್ಸರ್‌ಗಳನ್ನು ಓದುತ್ತೆ, ಇನ್ನೊಂದು ವಾಲ್ವು, ಮೋಟಾರುಗಳಿಗೆ ಆಜ್ಞೆ ಕೊಡುತ್ತೆ. ಒಂದು ಕೆಟ್ಟರೆ ಅದನ್ನಷ್ಟೇ ಎಳೆದು ಬೇರೆಯದನ್ನು ಕೂರಿಸಬಹುದು. ಸಿಗುವವರೆಗೆ.

ನಮ್ಮ ಪಿಎಲ್‌ಸಿ ಮೇಲೆ 'ಬ್ಯಾಟರಿ' ಅಂತ ಬರೆದ ಕೆಂಪು ದೀಪ ಒಂದಿತ್ತು. ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ಹಳಬರು ಹೇಳ್ತಿದ್ದ ಮಾತು: "ಅದು ಯಾವಾಗ್ಲೂ ಉರಿಯುತ್ತೆ, ತಲೆ ಕೆಡಿಸ್ಕೋಬೇಡಿ." ನಾವೂ ಹಾಗೇ ಹೇಳಿಕೊಂಡು ಬಂದೆವು. ಒಂದು ಶನಿವಾರ ದುರಸ್ತಿಗೆಂದು ಇಡೀ ಕಟ್ಟಡದ ಕರೆಂಟ್ ತೆಗೆದರು. ಸೋಮವಾರ ಬಂದು ನೋಡಿದರೆ ಪಿಎಲ್‌ಸಿಯ ಮೆಮೊರಿ ಖಾಲಿ.

ಆ ಕಾಲದ ಬಹಳಷ್ಟು ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಇರುವುದು ರ‍್ಯಾಮ್‌ನಲ್ಲಿ. ಕರೆಂಟ್ ಹೋದಾಗ ಅದನ್ನು ಕಾಯುವುದು ಒಂದು ಪುಟ್ಟ ಲಿಥಿಯಂ ಬ್ಯಾಟರಿ. ನಮ್ಮದು ಸತ್ತು ತಿಂಗಳುಗಳೇ ಆಗಿದ್ದವು, ಕರೆಂಟ್ ಹೋಗದೇ ಇದ್ದದ್ದರಿಂದ ಗೊತ್ತಾಗಿರಲಿಲ್ಲ, ಅಷ್ಟೆ. ಸಾಲದ್ದಕ್ಕೆ ತಾಪಮಾನ ಓದುವ ಅನಲಾಗ್ ಮಾಡ್ಯೂಲು ಕೂಡ ಮತ್ತೆ ಏಳಲಿಲ್ಲ. ಇದೂ ಸಾಮಾನ್ಯವೇ. ವರ್ಷಗಟ್ಟಲೆ ನಿಲ್ಲದೆ ಓಡಿದ ಎಲೆಕ್ಟ್ರಾನಿಕ್ಸ್ ಪೂರ್ತಿ ತಣ್ಣಗಾಗಿ, ಮತ್ತೆ ಚಾಲೂ ಆಗುವ ಗಳಿಗೆಯಲ್ಲೇ ಕೈಕೊಡುವುದು ಹೆಚ್ಚು.

ಮಾಡ್ಯೂಲಿಗಾಗಿ ಹುಡುಕಾಟ ಶುರುವಾಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗಕ್ಕಾಗಿ ಅಂಗಡಿ ಅಂಗಡಿ ಅಲೆದವರಿಗೆ ಈ ಲೋಕ ಹೊಸದಲ್ಲ. ಮುಚ್ಚಿದ ಕಾರ್ಖಾನೆಗಳ ಪ್ಯಾನೆಲ್‌ಗಳನ್ನು ಸಗಟಾಗಿ ಕೊಂಡು ಬಿಡಿಯಾಗಿ ಮಾರುವ ಸರ್‌ಪ್ಲಸ್ ವ್ಯಾಪಾರಿಗಳು ಇಲ್ಲಿ ಬೇಕಾದಷ್ಟಿದ್ದಾರೆ. ಒಂದೇ ಪಾರ್ಟ್ ನಂಬರಿಗೆ ಒಬ್ಬರು ಹೇಳುವ ಬೆಲೆ ಇನ್ನೊಬ್ಬರದಕ್ಕಿಂತ ಹತ್ತು ಪಟ್ಟು. ನಾವು ಅಗ್ಗದ್ದನ್ನೇ ತರಿಸಿದೆವು. ನಂಬರು ಸರಿಯಿತ್ತು, ಕೊನೆಯಲ್ಲಿದ್ದ ಸೀರೀಸ್ ಅಕ್ಷರ ಬೇರೆಯಿತ್ತು. ನಮ್ಮ ಪ್ರೊಸೆಸರ್‌ಗೆ ಅದರ ಗುರುತೇ ಸಿಗಲಿಲ್ಲ. ಎರಡನೆಯದನ್ನು ಪರೀಕ್ಷೆ ಮಾಡಿ, ವಾರಂಟಿ ಕೊಟ್ಟು ಮಾರುವವರಿಂದ ಕೊಂಡೆವು. ಅದು ನಡೆಯಿತು.

'ಪೆಟ್ಟಿಗೆ ಒಡೆಯದ ಹೊಸ ಮಾಲು' ಅನ್ನುವ ಮಾತಿಗೂ ಮರುಳಾಗಬಾರದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದೆಯಲ್ಲ, ಅದರೊಳಗಿನ ತೆಳು ಆಕ್ಸೈಡ್ ಪದರ ಸುಮ್ಮನೆ ಕಪಾಟಿನಲ್ಲಿದ್ದರೂ ವರ್ಷಗಳಲ್ಲಿ ಸೊರಗುತ್ತೆ. ಬಹಳ ದಿನ ಕೂತ ಪವರ್ ಸಪ್ಲೈಗೆ ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದು ಸುಟ್ಟುಹೋಗಬಹುದು. ತಿಳಿದವರು ವೋಲ್ಟೇಜನ್ನು ನಿಧಾನವಾಗಿ ಏರಿಸಿ ಆ ಪದರ ಮತ್ತೆ ಕಟ್ಟಿಕೊಳ್ಳುವಂತೆ ಮಾಡ್ತಾರೆ. ಓಡುತ್ತಿರುವ ಮಾಡ್ಯೂಲಿನಲ್ಲಿ ಇದೇ ಕೆಪಾಸಿಟರಿನ ಶತ್ರು ಬಿಸಿ. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯಸ್ಸು ಹೆಚ್ಚುಕಮ್ಮಿ ಇಮ್ಮಡಿ ಅನ್ನುವುದು ಎಂಜಿನಿಯರುಗಳ ಅಂದಾಜು ಲೆಕ್ಕ. ಪ್ಯಾನೆಲ್‌ನ ಫ್ಯಾನಿನ ಧೂಳು ಒರೆಸುವುದು ಎಷ್ಟು ದೊಡ್ಡ ಕೆಲಸ ಅಂತ ಇದರಿಂದಲೇ ಗೊತ್ತಾಗುತ್ತೆ.

ಮಾಡ್ಯೂಲೇನೋ ಸಿಕ್ಕಿತು. ಪ್ರೋಗ್ರಾಂ ಎಲ್ಲಿಂದ ತರೋದು?

ನಮಗೆ ನಾಚಿಕೆಯಾದದ್ದು ಇಲ್ಲಿ. ನಾವು ಜೀವಶಾಸ್ತ್ರದವರು. ಒಂದು ಬ್ಯಾಕ್ಟೀರಿಯಾ ತಳಿ ಕೈಗೆ ಬಂದರೆ ಮೊದಲು ಮಾಡುವ ಕೆಲಸ, ಅದನ್ನು ಗ್ಲಿಸರಾಲ್‌ನಲ್ಲಿ ಬೆರೆಸಿ, ಮೈನಸ್ 80 ಡಿಗ್ರಿಯ ಎರಡು ಬೇರೆ ಬೇರೆ ಫ್ರೀಜರ್‌ಗಳಲ್ಲಿ ಇಡುವುದು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಆ ತಳಿಯನ್ನು ಬೆಳೆಸುವ ಯಂತ್ರದ ಪ್ರೋಗ್ರಾಂ ಗಾತ್ರದಲ್ಲಿ ಒಂದು ವಾಟ್ಸಾಪ್ ಫೋಟೋಗಿಂತ ಚಿಕ್ಕದು. ಅದರ ಒಂದೇ ಒಂದು ನಕಲೂ ನಮ್ಮ ಹತ್ತಿರ ಇರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ನಮ್ಮ ಪಾಡು.

ನಮ್ಮನ್ನು ಉಳಿಸಿದ್ದು ನಿವೃತ್ತರಾಗಿದ್ದ ಹಳೆಯ ತಂತ್ರಜ್ಞರೊಬ್ಬರು. ಫೋನಿನಲ್ಲೇ ಹೇಳಿದರು: ಸ್ಟೋರ್ ರೂಮಿನ ಕೊನೆಯ ಬೀರು, ನೀಲಿ ಫೈಲು. ಪ್ರೋಗ್ರಾಮಿನ ಪೂರ್ತಿ ಪ್ರಿಂಟು ಅದರಲ್ಲಿತ್ತು. ಏಣಿಯ ಮೆಟ್ಟಿಲುಗಳಂತೆ ಕಾಣುವ ಚಿತ್ರಲಿಪಿ ಅದು, ಅದಕ್ಕೇ ಲ್ಯಾಡರ್ ಅನ್ನುತ್ತಾರೆ. ಅಂಚಿನಲ್ಲಿ ಅವರದೇ ಪೆನ್ಸಿಲ್ ಬರಹ. ಉಗಿಯಲ್ಲಿ ಕ್ರಿಮಿ ಕೊಲ್ಲುವಾಗ 121 ಡಿಗ್ರಿಯಲ್ಲಿ ಎಷ್ಟು ನಿಮಿಷ ನಿಲ್ಲಿಸಬೇಕು, ಯಾವ ವಾಲ್ವು ಮುಚ್ಚಿದ ಮೇಲೆ ಯಾವುದು ತೆರೆಯಬೇಕು, ಹೀಗೆ ವರ್ಷಗಳಲ್ಲಿ ಮಾಡಿದ ಒಂದೊಂದು ತಿದ್ದುಪಡಿಯೂ ಅಲ್ಲಿತ್ತು. ಅಚ್ಚಾಗಿದ್ದನ್ನು ಮಾತ್ರ ನಂಬಿ ಟೈಪ್ ಮಾಡಿದ್ದರೆ ಯಂತ್ರ ಚಾಲೂ ಆಗುತ್ತಿತ್ತು, ಕೆಲಸ ತಪ್ಪಾಗುತ್ತಿತ್ತು. ಸೀರಿಯಲ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪ್ ಹುಡುಕಿ, ಮೂರು ದಿನ ಕೂತು ಒಂದೊಂದೇ ಮೆಟ್ಟಿಲು ಬರೆದೆವು. ಮೊದಲು ಬರೀ ನೀರು ತುಂಬಿ ಓಡಿಸಿ ನೋಡಿದೆವು. ಒಟ್ಟು ಐದು ವಾರ ಹೋಯಿತು. ಪಿಎಚ್‌ಡಿಯ ಕೊನೆಯ ವರ್ಷದಲ್ಲಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳ ಪ್ರಬಂಧ ಒಂದು ಸೆಮಿಸ್ಟರ್ ಮುಂದಕ್ಕೆ ಹೋಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಬಾಯ್ಲರು, ರೋಲಿಂಗ್ ಮಿಲ್ಲು, ನೀರು ಶುದ್ಧೀಕರಣ ಘಟಕ ಇವೆಲ್ಲ ದಶಕಗಟ್ಟಲೆ ಬಾಳುತ್ತವೆ. ಒಳಗಿನ ಚಿಪ್ಪುಗಳ ಮಾರುಕಟ್ಟೆ ಆಯಸ್ಸು ಅದಕ್ಕಿಂತ ಬಹಳ ಕಡಿಮೆ. 1986ರಲ್ಲಿ ಬಂದ ಅಲೆನ್-ಬ್ರ್ಯಾಡ್ಲಿ ಪಿಎಲ್‌ಸಿ-5ರ ತಯಾರಿಕೆ 2017ರಲ್ಲಿ ನಿಂತಿತು. 2002ರಲ್ಲಿ ನಾಸಾದವರು ಬಾಹ್ಯಾಕಾಶ ನೌಕೆಯ ಬೂಸ್ಟರ್ ಪರೀಕ್ಷಿಸುವ ಉಪಕರಣಗಳಿಗಾಗಿ ಇಂಟೆಲ್ 8086 ಚಿಪ್ಪುಗಳನ್ನು ಇಬೇಯಂಥ ಕಡೆ ಹುಡುಕಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕೇಳುಗರು ಮುನಿ ಮೆಟ್ರೋದಲ್ಲಿ ಓಡಾಡಿರುತ್ತೀರಿ. 1998ರಲ್ಲಿ ಅಳವಡಿಸಿದ ಅದರ ರೈಲು ನಿಯಂತ್ರಣ ವ್ಯವಸ್ಥೆ ದಿನಾ ಬೆಳಿಗ್ಗೆ ಎದ್ದದ್ದು ಐದೂಕಾಲು ಇಂಚಿನ ಫ್ಲಾಪಿಗಳಿಂದ. ಅದನ್ನು ಬದಲಿಸಲು 2024ರಲ್ಲಿ ಒಪ್ಪಿಗೆಯಾದ ಗುತ್ತಿಗೆ 21.2 ಕೋಟಿ ಡಾಲರಿನದು.

ಎಲ್ಲವನ್ನೂ ಕಿತ್ತು ಹೊಸದು ಹಾಕಬಹುದಲ್ವಾ ಅಂತ ಕೇಳಬಹುದು. ಮಾಡ್ಯೂಲಿನ ಬೆಲೆ ಅದರಲ್ಲಿ ಸಣ್ಣ ಪಾಲು. ನೂರಾರು ವೈರು ಬಿಚ್ಚಬೇಕು, ಪ್ರೋಗ್ರಾಂ ಹೊಸದಾಗಿ ಬರೆಯಬೇಕು, ಎಲ್ಲ ಸುರಕ್ಷತಾ ಪರೀಕ್ಷೆ ಮತ್ತೆ ಮಾಡಬೇಕು, ಅಲ್ಲಿಯವರೆಗೆ ಯಂತ್ರ ನಿಂತಿರಬೇಕು. ಒಂದು ದಿನ ಬದಲಿಸಲೇಬೇಕು, ನಿಜ. ಆದರೆ ಆ ದಿನವನ್ನು ನಾವು ಆರಿಸಿಕೊಳ್ಳಬೇಕು, ಸತ್ತ ಬ್ಯಾಟರಿ ಆರಿಸಬಾರದು.

ಇಂಥ ಹಳೆಯ ಪಿಎಲ್‌ಸಿ ನಿಮ್ಮ ಕೈಕೆಳಗೂ ಇದ್ದರೆ ಈ ವಾರ ಇಷ್ಟು ಮಾಡಿ. ಪ್ರೋಗ್ರಾಂ ಇಳಿಸಿಕೊಂಡು ಎರಡು ಕಡೆ ಇಡಿ, ಅದನ್ನು ತೆರೆಯುವ ಹಳೆಯ ಸಾಫ್ಟ್‌ವೇರು, ಕೇಬಲ್ಲು ಸಮೇತ. ಬ್ಯಾಟರಿ ಬದಲಿಸುವುದಿದ್ದರೆ ಕೈಪಿಡಿ ನೋಡಿ. ಸಾಮಾನ್ಯವಾಗಿ ಕರೆಂಟ್ ಇರುವಾಗಲೇ ಬದಲಿಸಬೇಕು, ಇಲ್ಲವಾದರೆ ಮೆಮೊರಿ ಅಳಿಸಿಹೋಗುತ್ತೆ. ಪ್ರತಿ ಮಾಡ್ಯೂಲಿನ ಪೂರ್ತಿ ನಂಬರು, ಸೀರೀಸ್, ರಿವಿಷನ್ ಬರೆದಿಡಿ. ಸ್ಪೇರ್ ಕೊಂಡರೆ ರ‍್ಯಾಕಿಗೆ ಹಾಕಿ ಪರೀಕ್ಷಿಸಿಯೇ ಕಪಾಟಿನಲ್ಲಿಡಿ. ಮತ್ತೆ, ನಿವೃತ್ತರಾಗಲಿರುವವರ ಜೊತೆ ಒಂದು ಮಧ್ಯಾಹ್ನ ಕೂತು, ಅವರ ಪೆನ್ಸಿಲ್ ಬರಹಗಳನ್ನು ಓದಿಸಿಕೊಳ್ಳಿ.

ನಮ್ಮ ವಿದ್ಯಾರ್ಥಿನಿ ಈಗ ಡಾಕ್ಟರೇಟ್ ಮುಗಿಸಿದ್ದಾಳೆ. ಹೊರಡುವ ಮುಂಚೆ ಆ ದೀಪದ ಕೆಳಗೆ ಒಂದು ಚೀಟಿ ಅಂಟಿಸಿ ಹೋದಳು. ಬ್ಯಾಟರಿ ಹಾಕಿದ ದಿನಾಂಕ, ಮುಂದೆ ಬದಲಿಸಬೇಕಾದ ದಿನಾಂಕ, ಅದರ ಕೆಳಗೆ ದಪ್ಪಕ್ಷರದಲ್ಲಿ: "ಇದು ಉರಿದರೆ ತಲೆ ಕೆಡಿಸಿಕೊಳ್ಳಿ."

ನಿಮ್ಮ ಕಾರ್ಖಾನೆಯಲ್ಲೋ ಲ್ಯಾಬಿನಲ್ಲೋ ಇಂಥ ಹಳೆಯ ಯಂತ್ರವಿದ್ದರೆ ಅದರ ಕಥೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಜೀವಕೋಶಗಳ ಕಡೆಗೆ ಹೋಗೋಣ.