ಮಾಂತ್ರಿಕನ ವೇಷಕ್ಕೆ ಹಳೆಯ ಸೀರೆಯೇ ಸಾಕು

ಮಹಾನಗರಗಳ ವಸತಿ ಸಂಕೀರ್ಣಗಳಲ್ಲಿ ಮಕ್ಕಳ ಹುಟ್ಟುಹಬ್ಬವೆಂದರೆ ಈಗ ಕೇಕು, ತಿಂಡಿಗಳಷ್ಟೇ ಅಲ್ಲ. ಒಂದು ವಿಷಯವನ್ನು ಆರಿಸಿ, ಬಂದವರೆಲ್ಲರೂ ಅದಕ್ಕೊಪ್ಪುವ ವೇಷ ತೊಡುವ ‘ಥೀಮ್ ಪಾರ್ಟಿ’ಯೂ ರೂಢಿಗೆ ಬಂದಿದೆ. ಇವುಗಳಲ್ಲಿ ಮಾಂತ್ರಿಕರ ಕೂಟಕ್ಕೆ ಮಕ್ಕಳ ಒಲವು ಹೆಚ್ಚು. 1997ರಲ್ಲಿ ಪ್ರಕಟವಾದ ಜೆ.ಕೆ. ರೌಲಿಂಗ್ ಅವರ ಮೊದಲ ಹ್ಯಾರಿ ಪಾಟರ್ ಕಾದಂಬರಿ ಮತ್ತು 2001ರಲ್ಲಿ ತೆರೆಕಂಡ ಅದರ ಚಲನಚಿತ್ರ ಇದಕ್ಕೆ ಮುಖ್ಯ ಪ್ರೇರಣೆ.

ಆದರೆ ಆಮಂತ್ರಣ ಕೈಸೇರಿದೊಡನೆ ಅನೇಕ ಪೋಷಕರಿಗೆ ಚಿಂತೆ ಹತ್ತುತ್ತದೆ. ಅಂಗಡಿಯ ಸಿದ್ಧ ಉಡುಪು ಒಂದೇ ಸಂಜೆಯ ಬಳಕೆಗೆ. ಮರುವರ್ಷ ಅದು ಮಗುವಿಗೆ ಗಿಡ್ಡ. ವೇಷವಿಲ್ಲವೆಂಬ ಕಾರಣಕ್ಕೆ ಯಾವ ಮಗುವೂ ಗೆಳೆಯನ ಮನೆಗೆ ಹೋಗದೆ ಉಳಿಯಬಾರದು. ಮನೆಯಲ್ಲಿರುವ ವಸ್ತುಗಳಿಂದಲೇ ನೂರು ರೂಪಾಯಿಯೊಳಗೆ ಈ ವೇಷವನ್ನು ಸಿದ್ಧಪಡಿಸಬಹುದು.

ಮಾಂತ್ರಿಕನನ್ನು ಗುರುತಿಸುವುದು ಬಟ್ಟೆಯ ಬೆಲೆಯಿಂದಲ್ಲ, ಕೆಲವು ಲಕ್ಷಣಗಳಿಂದ. ಮೊದಲ ಕಾದಂಬರಿಯಲ್ಲಿ ಹಾಗ್ವಾರ್ಟ್ಸ್ ಶಾಲೆ ಕಳುಹಿಸುವ ಸಮವಸ್ತ್ರದ ಪಟ್ಟಿಯಲ್ಲಿಯೂ ಸಾದಾ ಕಪ್ಪು ನಿಲುವಂಗಿ ಮತ್ತು ಚೂಪು ಟೋಪಿಗಳಿವೆ. ಜೊತೆಗೊಂದು ಮಂತ್ರದಂಡವಿದ್ದರೆ ವೇಷ ಬಹುತೇಕ ಪೂರ್ಣ.

ಮೇಲಂಗಿ: ಎಂಟು ಹತ್ತು ವರ್ಷದ ಮಗುವಿಗೆ ಗಾಢ ಬಣ್ಣದ ಹಳೆಯ ಹತ್ತಿ ಸೀರೆಯ 2.1 ಮೀಟರ್ ತುಂಡು ಸಾಕು. ಐದೂವರೆ ಮೀಟರಿನ ಸೀರೆಯಲ್ಲಿ ಇಬ್ಬರು ಮಕ್ಕಳ ಮೇಲಂಗಿಯಾಗುತ್ತದೆ. ತುಂಡನ್ನು ಉದ್ದದಲ್ಲಿ ಎರಡಾಗಿ ಮಡಿಸಿ. ಮಡಿಕೆಯ ಮೇಲಿನ ಮೂಲೆಯನ್ನು ಕೇಂದ್ರವಾಗಿಟ್ಟುಕೊಂಡು, ದಾರಕ್ಕೆ ಸೀಮೆಸುಣ್ಣ ಕಟ್ಟಿ, 10 ಸೆಂ.ಮೀ. ಮತ್ತು 100 ಸೆಂ.ಮೀ. ದೂರದಲ್ಲಿ ಎರಡು ಕಮಾನುಗಳನ್ನೆಳೆದು ಕತ್ತರಿಸಿ. ಬಿಡಿಸಿದಾಗ ಅರ್ಧವೃತ್ತಾಕಾರದ ಮೇಲಂಗಿ ದೊರೆಯುತ್ತದೆ. ಚಿಕ್ಕ ಕಮಾನೇ ಕತ್ತಿನ ಭಾಗ. ಅಂಚನ್ನು ಮಡಿಸಿ ಹೊಲಿಯಿರಿ. ಕತ್ತಿನ ಬಳಿ ಲಾಡಿ ಕಟ್ಟದೆ ಟಿಚ್ ಬಟನ್ ಹಾಕಬೇಕು. ಓಡುವಾಗ ಬಟ್ಟೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಬಟನ್ ತಾನಾಗಿ ಬಿಚ್ಚಿಕೊಳ್ಳುತ್ತದೆ, ಕತ್ತು ಬಿಗಿಯುವುದಿಲ್ಲ. ನೇರಳೆ ಸೀರೆಯಾದರೆ ಡಂಬಲ್‌ಡೋರ್, ಬೂದು ಬಣ್ಣದ್ದಾದರೆ ಟೋಲ್ಕಿನ್ ಅವರ ಗ್ಯಾಂಡಾಲ್ಫ್.

ಟೋಪಿ: ಒಂದು ಕಪ್ಪು ಚಾರ್ಟ್ ಹಾಳೆಯಲ್ಲಿ 35 ಸೆಂ.ಮೀ. ತ್ರಿಜ್ಯದ ಕಾಲುವೃತ್ತವನ್ನು ಕತ್ತರಿಸಿ. ಅದರ ಬಾಗಿದ ಅಂಚು ಸುಮಾರು 55 ಸೆಂ.ಮೀ. ಇರುತ್ತದೆ. ನೇರ ಅಂಚುಗಳನ್ನು 2 ಸೆಂ.ಮೀ. ಒಂದರ ಮೇಲೊಂದಿಟ್ಟು ಅಂಟಿಸಿದರೆ 53 ಸೆಂ.ಮೀ. ಸುತ್ತಳತೆಯ ಶಂಕುವಾಗುತ್ತದೆ. ಮಗುವಿನ ತಲೆಯ ಅಳತೆ ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಉಳಿದ ಹಾಳೆಯಲ್ಲಿ 34 ಸೆಂ.ಮೀ. ವ್ಯಾಸದ ವೃತ್ತ ಕತ್ತರಿಸಿ, ಅದರೊಳಗೆ 17 ಮತ್ತು 13 ಸೆಂ.ಮೀ. ವ್ಯಾಸದ ಎರಡು ವೃತ್ತಗಳನ್ನೆಳೆಯಿರಿ. ಚಿಕ್ಕದನ್ನು ಕತ್ತರಿಸಿ ತೆಗೆದು, ಎರಡರ ನಡುವಿನ ಪಟ್ಟಿಯನ್ನು ಅಲ್ಲಲ್ಲಿ ಸೀಳಿ, ಮೇಲಕ್ಕೆ ಮಡಿಸಿ, ಶಂಕುವಿನ ಒಳಮೈಗೆ ಅಂಟಿಸಿದರೆ ಟೋಪಿಗೆ ಅಂಚು ಕೂಡುತ್ತದೆ. ಹ್ಯಾರಿಯ ಹುಟ್ಟುಹಬ್ಬ ಜುಲೈ 31. ಅಂದೇ ಕೂಟವಿಟ್ಟುಕೊಂಡರೆ ಮುಂಬಯಿಯ ಮಳೆಗೆ ಹಾಳೆ ಮೆತ್ತಗಾಗದಂತೆ ಹೊರಮೈಗೆ ಪಾರದರ್ಶಕ ಟೇಪು ಹಚ್ಚುವುದೊಳಿತು.

ಮಂತ್ರದಂಡ ಮತ್ತು ಇತರೆ: ಹ್ಯಾರಿಯ ಮಂತ್ರದಂಡದ ಉದ್ದ 11 ಅಂಗುಲ, ಅಂದರೆ ಸುಮಾರು 28 ಸೆಂ.ಮೀ. ಹಳೆಯ ವೃತ್ತಪತ್ರಿಕೆಯನ್ನು ಮೂಲೆಯಿಂದ ಬಿಗಿಯಾಗಿ ಸುರುಳಿ ಸುತ್ತಿ, ಅಂಟಿಸಿ, ಈ ಅಳತೆಗೆ ಕತ್ತರಿಸಿ ಕಂದು ಬಣ್ಣ ಬಳಿಯಿರಿ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಿಂದ ದುಂಡು ಕನ್ನಡಕದ ಚೌಕಟ್ಟಾಗುತ್ತದೆ. ಹಣೆಯ ಮಿಂಚಿನ ಗುರುತಿಗೆ ಕಾಡಿಗೆ ಸಾಕು. ಕೊರಳವಸ್ತ್ರಕ್ಕೆ ಚಿಂದಿ ಬಟ್ಟೆಯ ಪಟ್ಟಿಗಳನ್ನು ಜೋಡಿಸಬಹುದು: ಗ್ರಿಫಿಂಡೋರ್‌ಗೆ ಕೆಂಪು ಮತ್ತು ಹೊನ್ನಿನ ಬಣ್ಣ, ಸ್ಲಿದರಿನ್‌ಗೆ ಹಸಿರು ಮತ್ತು ಬೆಳ್ಳಿ, ಹಫಲ್‌ಪಫ್‌ಗೆ ಹಳದಿ ಮತ್ತು ಕಪ್ಪು, ರೇವನ್‌ಕ್ಲಾಗೆ ನೀಲಿ ಮತ್ತು ಕಂಚು. ಹಾರುವ ಪೊರಕೆ ಬೇಕೆಂದು ಮಗು ಹಟ ಹಿಡಿದರೆ, ಮನೆಯ ಪೊರಕೆಯನ್ನು ತುಳಿಯಬಾರದೆನ್ನುವ ಹಿರಿಯರ ಮನ ನೋಯಿಸುವುದು ಬೇಡ. ಕೋಲೊಂದಕ್ಕೆ ತೆಂಗಿನ ಗರಿಯ ಹೊಸ ಕಡ್ಡಿಗಳನ್ನು ಕಟ್ಟಿಕೊಟ್ಟರಾಯಿತು.

ಎಚ್ಚರಿಕೆ: ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಯ ಬಟ್ಟೆಯೂ ಹೊತ್ತಿಕೊಳ್ಳಬಲ್ಲುದು. ಅರಳೆಯಿಂದ ಮಾಡಿದ ಗಡ್ಡವಂತೂ ಕ್ಷಣದಲ್ಲಿ ಉರಿಯುತ್ತದೆ. ಆದ್ದರಿಂದ ದೀಪ ಬೆಳಗಿಸುವ ಮತ್ತು ಕೇಕಿನ ಮೇಣದಬತ್ತಿ ಹಚ್ಚುವ ಮೊದಲು ಮಕ್ಕಳೆಲ್ಲರ ಮೇಲಂಗಿ, ಗಡ್ಡಗಳನ್ನು ತೆಗೆಸಿಡಬೇಕು. ಮೇಲಂಗಿ ನೆಲಕ್ಕೆ ತಾಗುವಂತಿದ್ದರೆ ಮೆಟ್ಟಿಲಿನಲ್ಲಿ ಎಡವುವ ಭಯವಿದೆ; ಕಣಕಾಲಿನ ಮೇಲೆಯೇ ನಿಲ್ಲಲಿ.

ಕೂಟ ಏರ್ಪಡಿಸುವವರಿಗೂ ಒಂದು ಮಾತು. ‘ಮನೆಯಲ್ಲೇ ತಯಾರಿಸಿದ ವೇಷ ಮಾತ್ರ’ ಎಂದು ಆಮಂತ್ರಣದಲ್ಲಿಯೇ ತಿಳಿಸಿ, ನಾಲ್ಕಾರು ಟೋಪಿ, ಮೇಲಂಗಿಗಳನ್ನು ಹೆಚ್ಚಿಗೆ ಸಿದ್ಧವಾಗಿಡಿ. ಮೊದಲ ಒಂದು ತಾಸು ಮಕ್ಕಳೇ ಕುಳಿತು ಮಂತ್ರದಂಡ ತಯಾರಿಸಲಿ. ಆಗ ಬರಿಗೈಯಲ್ಲಿ ಬಂದ ಮಗುವೂ ಉಳಿದವರೊಡನೆ ಸಮನಾಗಿ ನಲಿಯುತ್ತದೆ.